ಬೀದಿ ಕೊನೆಯ ಹಳ್ಳ

ನಮ್ಮ ಭಾವನಿಗೆ ಗೊತ್ತಿದ್ದದ್ದು ಒಂದೇ ಒಂದು ಜೋಕು. ಮನೆಗೆ ಯಾರೇ ಬರಲಿ, ಅವರ ಕೈಗೆ ಟೀ ಲೋಟ ಬರುವುದನ್ನೇ ಕಾದಿದ್ದು, ಅಕ್ಕನ ಕಡೆ ಓರೆಗಣ್ಣು ಹಾಯಿಸಿ, "ನಾನು ಹಳ್ಳಕ್ಕೆ ಬಿದ್ದೋನು ಸ್ವಾಮಿ" ಅನ್ನುತ್ತಿದ್ದರು. ಬಂದವರು ನಗುತ್ತಿದ್ದರು. ಮದುವೆಯಾಗಿ ಮೋಸಹೋದೆ ಅನ್ನುವುದು ಒಂದರ್ಥ, ಹೆಂಡತಿ ಮೂರು ಹೊತ್ತೂ ಬೀದಿ ಕೊನೆಯ ಹಳ್ಳದಲ್ಲೇ ಬಿದ್ದಿರುತ್ತಾಳೆ ಅನ್ನುವುದು ಇನ್ನೊಂದರ್ಥ. ಒಂದು ಮಾತಿಗೆ ಎರಡು ಅರ್ಥ ಕೂಡಿಸಿದೆನಲ್ಲ ಅಂತ ಅವರಿಗೆ ಎಲ್ಲಿಲ್ಲದ ಹೆಮ್ಮೆ. ಅಕ್ಕ ಮಾತ್ರ ನಗುತ್ತಿರಲಿಲ್ಲ. ನನಗಂತೂ ಪ್ರತಿ ಸಲವೂ ಮೈಯೆಲ್ಲ ಉರಿಯುತ್ತಿತ್ತು.

ಭಾವ ಪ್ರೆಸ್ಸಿನಲ್ಲಿ ಕರಡು ತಿದ್ದುವವರು. ಬೇರೆಯವರ ತಪ್ಪು ಹುಡುಕುವುದಕ್ಕೆಂದೇ ಸಂಬಳ ಕೊಟ್ಟರೆ ಮನುಷ್ಯ ಏನಾಗುತ್ತಾನೆ ಅಂತ ನೋಡಬೇಕಾದರೆ ಇವರನ್ನು ನೋಡಬೇಕು. ನಾನು ಹೊಲಿಗೆ ಅಂಗಡಿ ತೆರೆದ ದಿನ ಎಲ್ಲರೂ ಒಳ್ಳೆಯದಾಗಲಿ ಅಂದರು. ಇವರು ಬೋರ್ಡು ನೋಡಿ "ಲೇಡೀಸ್‌ಗೆ ದೀರ್ಘ ಇಲ್ಲ" ಅಂದರು. ಮದುವೆ ಕಾಗದ ಕೊಟ್ಟರೆ ಗಂಡು ಯಾರು ಹೆಣ್ಣು ಯಾರು ಅಂತ ನೋಡುವ ಮೊದಲು ಕಾಗುಣಿತ ನೋಡುತ್ತಿದ್ದರು. ಮಾತಿನಲ್ಲೂ ಮಹಾ ಜಿಪುಣರು. ಒಂದು ಪದದಲ್ಲಿ ಮುಗಿಯುವುದಕ್ಕೆ ಎರಡು ಪದ ಹಾಕುವವರನ್ನು ಕಂಡರೆ ಅವರಿಗಾಗದು. ಹಾಕುವುದು ಸದಾ ಬಿಳಿ ಪ್ಯಾಂಟು, ಹೊಲಿಯುವವಳು ನಾನೇ. ಮಳೆ ಬಂದ ದಿನ ಆ ಪ್ಯಾಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಒದ್ದೆ ನೆಲದ ಮೇಲೆ ಬೆಕ್ಕು ನಡೆದ ಹಾಗೆ ಬೀದಿ ದಾಟುತ್ತಿದ್ದರು. ಇಂಥ ಮನುಷ್ಯ ಹಳ್ಳಕ್ಕೆ ಯಾಕೆ ಇಳಿದಾರು!

ಅಕ್ಕ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಜನರನ್ನು ಸಾಲಿನಲ್ಲಿ ನಿಲ್ಲಿಸುವುದು ಅವಳಿಗೆ ರಕ್ತಗತ. ನನ್ನ ಅಂಗಡಿ ದಾಟಿದರೆ ನಮ್ಮ ಬೀದಿ ಮುಗಿದು ನೆಲ ಕೆಳಕ್ಕಿಳಿಯುತ್ತದೆ, ಅಲ್ಲೇ ಹಳ್ಳ. ಒಂದು ಕಾಲದಲ್ಲಿ ಅದು ಇಡೀ ಬಡಾವಣೆಯ ಕಸದ ಬುಟ್ಟಿಯಾಗಿತ್ತು. ಹರಿದ ಹಾಸಿಗೆ, ಒಡೆದ ಕಮೋಡು, ಕೈಯಿಲ್ಲದ ಕುರ್ಚಿ, ಏನು ಬೇಕಾದರೂ ಸಿಗುತ್ತಿತ್ತು, ನೀರೊಂದು ಬಿಟ್ಟು. ಅಕ್ಕ ಒಬ್ಬಳೇ ಇಳಿದು ಎತ್ತತೊಡಗಿದಳು. ಆಮೇಲೆ ಹಲ್ಲಿನ ಡಾಕ್ಟರು ಸೇರಿದರು. ಕೀಳುವುದರಲ್ಲಿ ಅವರದು ಎತ್ತಿದ ಕೈ. ದಡದ ಮಣ್ಣು ಜಾರದಿರಲೆಂದು ಜೊಂಡು ನೆಟ್ಟರು, ನೀರಿಗೆ ದಾರಿ ಮಾಡಿದರು. ಬಯ್ಯುವ ಖಾತೆ ನನ್ನದು. ಅಂಗಡಿಯ ಕಿಟಕಿಯಿಂದ ಹಳ್ಳ ನೆಟ್ಟಗೆ ಕಾಣುತ್ತದೆ; ಯಾರಾದರೂ ಕಸದ ಕವರು ಹಿಡಿದು ಕೈ ಎತ್ತಿದರೆ ಸಾಕು, ಮಿಷನ್ನು ನಿಲ್ಲಿಸಿ ಅವರ ಜನ್ಮ ಜಾಲಾಡಿಬಿಡುತ್ತೇನೆ. ಹೊಲಿಗೆಗಿಂತ ಈ ಕೆಲಸದಲ್ಲೇ ನನಗೆ ಹೆಸರು ಬಂತು.

ಹೋದ ವರ್ಷ ನೀರು ತಿಳಿಯಾಯಿತು, ಮೀನು ಬಂತು. ಈ ಬೇಸಿಗೆಯಲ್ಲಿ ಒಂದು ಜೋಡಿ ಮಿಂಚುಳ್ಳಿ ಬಂದು ತಿರುವಿನ ಮಣ್ಣಿನ ದಡದಲ್ಲಿ ಬಿಲ ಕೊರೆದು ಮರಿ ಮಾಡಿತು. ಅಕ್ಕ ಆ ಸುದ್ದಿಯನ್ನು ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದಳು. ಸ್ಟಾಂಪು ಕೊಳ್ಳಲು ಬಂದವರು ಹಕ್ಕಿ ಸಮಾಚಾರ ಕೇಳಿಕೊಂಡೇ ಹೋಗಬೇಕು. ಮನೆಯಲ್ಲಿ ಭಾವನಿಗೂ ಹೇಳಿದಳಂತೆ. "ಮಿಂಚುಳ್ಳಿ, ಳ್ಳಿ" ಅಂತ ಉಚ್ಚಾರಣೆ ತಿದ್ದಿ ಪೇಪರು ತಿರುವಿದರಂತೆ.

ಅಷ್ಟರಲ್ಲಿ ಶುರುವಾಯಿತು ಎಣ್ಣೆಯ ಕಾಟ. ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಎಲ್ಲಿಂದ ಅಂತ ಎಲ್ಲರಿಗೂ ಗೊತ್ತು. ನಮ್ಮ ಬೀದಿಯ ಮೇಲಿನ ಕೊನೆಯಲ್ಲಿ ಸ್ಪ್ಯಾನರಣ್ಣನ ಗ್ಯಾರೇಜು. ಅದರ ಮುಂದೆ ರಸ್ತೆಯಲ್ಲೊಂದು ಹೊಂಡವಿದೆ, ಎಮ್ಮೆ ಮಲಗಬಹುದು, ಅಷ್ಟು ದೊಡ್ಡದು. ಈಚೆಗೆ ಗ್ಯಾರೇಜಿನ ಎಣ್ಣೆ ನೀರೆಲ್ಲ ಅದರೊಳಗೆ. ಅದರೊಳಗೆ ಗಾಡಿ ಬೀಳುವುದು, ಏನಾದರೂ ಮುರಿದುಕೊಳ್ಳುವುದು, ಎದುರಿಗೇ ಗ್ಯಾರೇಜು. ಸ್ಪ್ಯಾನರಣ್ಣ ಆ ಹೊಂಡವನ್ನು ಅಕ್ಕ ಹಳ್ಳವನ್ನು ನೋಡಿಕೊಂಡದ್ದಕ್ಕಿಂತ ಅಕ್ಕರೆಯಿಂದ ನೋಡಿಕೊಂಡಿದ್ದ. ಅದನ್ನು ದಾಟಿದ ಮೇಲೆ ಕಾಣುವ ಹಾಗೆ ಒಂದು ಬೋರ್ಡನ್ನೂ ಹಾಕಿದ್ದ: "ಹಳ್ಳಕ್ಕೆ ಬಿದ್ದ ಗಾಡಿಗಳನ್ನು ಇಲ್ಲಿ ರಿಪೇರಿ ಮಾಡಲಾಗುವುದು." ನಮ್ಮ ಭಾವ ಸುಮ್ಮನಿರುತ್ತಾರೆಯೇ? "ಹಳ್ಳ ಅಂದ್ರೆ ಹರಿಯೋ ನೀರು. ಇದು ಗುಂಡಿ" ಅಂತ ಬೆನ್ನು ಬಿದ್ದು, "ಹಳ್ಳ"ದ ಮೇಲೆ ಬಣ್ಣ ಬಳಿಸಿ "ಗುಂಡಿಗೆ ಬಿದ್ದ" ಅಂತ ಬರೆಸಿದ್ದರು.

ಅಕ್ಕ ಸ್ಪ್ಯಾನರಣ್ಣನನ್ನು ನನ್ನ ಅಂಗಡಿಗೆ ಕರೆಸಿ ತಿಳಿಹೇಳಿದಳು. ಮೇಜಿನ ಮೇಲೆ ಗಿರಾಕಿಯೊಬ್ಬಳ ಹೊಸ ಬಟ್ಟೆ ಹರಡಿತ್ತು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಅದನ್ನು ನಡುವೆ ಹಿಡಿದು ಗುಡ್ಡದ ಹಾಗೆ ಎತ್ತಿ, ನೆತ್ತಿಯ ಮೇಲೆ ಒಂದು ಲೋಟ ನೀರು ಸುರಿದೇಬಿಟ್ಟಳು. ನೀರು ಮಡಿಕೆ ಮಡಿಕೆಯಲ್ಲಿ ಇಳಿದು ಕೆಳಗೆ ಒಂದೇ ಕಡೆ ಸೇರಿತು.

"ನೋಡ್ದ್ಯಾ? ಎಲ್ಲಿ ಸುರಿದ್ರೂ ಬರೋದು ನಮ್ಮ ಹಳ್ಳಕ್ಕೇ. ನಿನ್ನ ಗ್ಯಾರೇಜು ಇಲ್ಲಿ, ಈ ಮಡಿಕೇಲಿದೆ" ಅಂದಳು.

ಸ್ಪ್ಯಾನರಣ್ಣ ಬಟ್ಟೆಯ ಸುತ್ತಲೂ ಬಂದು ನೋಡಿದ. "ಬಟ್ಟೇದು ಸರಿ ಅಕ್ಕೋರೆ. ನಮ್ಮ ಗುಂಡಿ ನೀರು ಮಾತ್ರ ಎಲ್ಲಿಗೂ ಹೋಗಲ್ಲ, ಅಲ್ಲೇ ಇಂಗುತ್ತೆ" ಅಂದು ಟೀ ಕುಡಿದು ಹೋದ. ಆ ಬಟ್ಟೆಗೆ ಕಲೆ ಕೂತು ನಾನು ಗಿರಾಕಿಯಿಂದ ಉಗಿಸಿಕೊಂಡೆ.

ಒಂದು ಬೆಳಿಗ್ಗೆ ಭಾವ ಪ್ಯಾಂಟು ತೆಗೆದುಕೊಂಡು ಹೋಗಲು ಅಂಗಡಿಗೆ ಬಂದರು. ಕಿಟಕಿಯಾಚೆ, ದಡದ ಮೇಲೆ ಅಕ್ಕ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು.

"ಏನು ಮಾಡ್ತಿದ್ದಾಳೆ?" ಅಂದರು.

"ಅಳ್ತಿದ್ದಾಳೆ. ಮೀನು ಸತ್ತು ತೇಲ್ತಿದೆ. ಆ ಹಕ್ಕಿ ಮರಿಗೆ ಏನು ತಿನ್ಸುತ್ತೆ ಅಂತ ಅಳ್ತಿದ್ದಾಳೆ. ನಿಮಗೆ ಎಲ್ಲ ತಮಾಷೆ. ಹೋಗಿ, ಇನ್ಯಾರಿಗಾದ್ರೂ ನಿಮ್ಮ ಜೋಕು ಹೇಳಿ ಹೋಗಿ."

ನನ್ನ ಬಾಯಿ ಹಾಗೇ. ಭಾವ ಕಿಟಕಿಯಾಚೆ ನೋಡುತ್ತಲೇ ಫೋನು ತೆಗೆದು ವಾರ್ಡ್ ಆಫೀಸಿಗೆ ಮಾಡಿದರು. ಮದುವೆಯಾದಾಗಿನಿಂದ ಈ ಮನುಷ್ಯ ಹಳ್ಳಕ್ಕಾಗಿ ಕಿರುಬೆರಳೂ ಎತ್ತಿದವರಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆ ಕಡೆಯವರು ಏನಂದರೋ ಕೇಳಿಸಲಿಲ್ಲ, ಈ ಕಡೆಯದು ಮಾತ್ರ ಕೇಳಿಸಿತು.

"ಪ್ರೆಸ್ಸಿನಿಂದ ಮಾತಾಡ್ತಿದ್ದೀನಿ. ಬೀದಿ ಕೊನೆಯ ಹಳ್ಳ. ಸ್ಥಿತಿ ಶೋಚನೀಯ. ಕ್ರಮ ಜರುಗಿಸಿ... ಮೊಣಕಾಲುದ್ದ... ಹೌದು, ನೀರು ನಿಂತಿದೆ... ಹೌದು, ಎಣ್ಣೆ... ಬೀಳೋದಾ?" ಇಲ್ಲಿ ನಮ್ಮ ಭಾವನಿಗೆ ತಡೆದುಕೊಳ್ಳಲಾಗಲಿಲ್ಲ. ಅಷ್ಟು ಬೇಸರದಲ್ಲೂ ತುಟಿ ಒಂಚೂರು ಅರಳಿತು. "ಬಿದ್ದಿದ್ದಾರೆ. ನಾನೇ ಬಿದ್ದಿದ್ದೀನಿ."

ಫೋನಿಟ್ಟು, "ಅವಳಿಗೆ ಹೇಳಬೇಡ. ನೋಡಿ ಖುಷಿ ಪಡಲಿ" ಅಂದರು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಪ್ರೀತಿ ಉಕ್ಕಿ ಬಂತು, ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನ ಲಾರಿ ಬಂತು. ತುಂಬ ಜಲ್ಲಿ, ಮಣ್ಣು. ನನ್ನ ಅಂಗಡಿಯ ಮುಂದೆ ಕುಂಯ್ ಕುಂಯ್ ಅನ್ನುತ್ತ ಹಿಂದಕ್ಕೆ ಹಿಂದಕ್ಕೆ ಹಳ್ಳದ ಕಡೆ ಹೋಗತೊಡಗಿತು. ಪಕ್ಕದಲ್ಲಿ ಮೇಸ್ತ್ರಿಯೊಬ್ಬ "ಬಾ, ಬಾ, ಇನ್ನೂ ಬಾ" ಅಂತ ಕೈಬೀಸುತ್ತಿದ್ದ. ಲಾರಿಯ ಹಿಂಭಾಗ ಮಿಂಚುಳ್ಳಿಯ ಬಿಲವಿದ್ದ ದಡದ ನೆತ್ತಿಗೇ ಬಂದು ನಿಂತಿತು.

ನಾನು ಕತ್ತರಿ ಹಿಡಿದೇ ಓಡಿದೆ. "ಏಯ್! ಏನ್ರೀ ಅದು? ಎಲ್ಲಿಗೆ ಸುರೀತಿದ್ದೀರಾ? ಕಣ್ಣು ಕಾಣಲ್ವಾ?"

"ಹಳ್ಳ ಮುಚ್ಚೋಕೆ ಬಂದಿದ್ದೀವಮ್ಮ. ಆ ಕತ್ತರಿ ಸ್ವಲ್ಪ ಕೆಳಗಿಡಿ" ಅಂದ ಮೇಸ್ತ್ರಿ. ಕೂಗಾಡುವವನಲ್ಲ, ಪಾಪ. "ಆಫೀಸಿಂದ ಆರ್ಡರು. ಬೀದಿ ಕೊನೆ ಹಳ್ಳ, ಮೊಣಕಾಲುದ್ದ, ನೀರು ನಿಂತಿದೆ, ಜನ ಬಿದ್ದಿದ್ದಾರೆ, ಅರ್ಜೆಂಟು. ಬಂದು ನೋಡಿದ್ರೆ ಇಷ್ಟುದ್ದ ಇದೆ! ರಸ್ತೆ ಗುಂಡಿ ಅಂದ್ಕೊಂಡು ಒಂದು ಲೋಡು ತಂದಿದ್ದೆ. ಪರವಾಗಿಲ್ಲ ಬಿಡಿ, ಸಾಲದಿದ್ರೆ ಇನ್ನೂ ತರಿಸ್ತೀನಿ."

ಅಕ್ಕ ನೀರಿನಿಂದ ಮೇಲೆ ಬಂದು ಲಾರಿಗೆ ಅಡ್ಡ ನಿಂತಳು. ಕೈಯಲ್ಲಿ ಎಣ್ಣೆ ಎತ್ತುತ್ತಿದ್ದ ಮೊರ.

"ಇದು ಹಳ್ಳ ಅಪ್ಪಾ, ಹರಿಯೋ ಹಳ್ಳ! ಇದನ್ನ ಯಾರಾದ್ರೂ ಮುಚ್ಚಿಸ್ತಾರಾ? ಯಾವ ಪುಣ್ಯಾತ್ಮ ದೂರು ಕೊಟ್ಟಿದ್ದು?"

"ಯಾರೋ ಪ್ರೆಸ್ಸಿನೋರಂತೆ. ಅದಕ್ಕೇ ಇಷ್ಟು ಬೇಗ ಕೆಲಸ ಆಗಿದ್ದು. ಪೇಪರಲ್ಲಿ ಬರೆದುಬಿಡ್ತಾರೆ ಅಂತ ಸಾಹೇಬ್ರು ಹೆದರಿಬಿಟ್ರು."

ಸರಿಯಾಗಿ ಆಗಲೇ ಭಾವ ಬಂದರು. ಒಂದು ಕೈಯಲ್ಲಿ ಫ್ಲಾಸ್ಕು, ಮುಖದಲ್ಲಿ ಬಹುಮಾನ ಕೊಡಲು ಬಂದವರ ಕಳೆ. ಲಾರಿ ನೋಡಿದರು, ಜಲ್ಲಿ ನೋಡಿದರು, ಮೇಸ್ತ್ರಿಯ ಮುಖ ನೋಡಿದರು. ಜೀವನವಿಡೀ ಬೇರೆಯವರ ತಪ್ಪು ತಿದ್ದಿದವರಿಗೆ ತಮ್ಮ ತಪ್ಪು ಯಾವ ಪದದಲ್ಲಿದೆ ಅಂತ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಫ್ಲಾಸ್ಕು ಹಿಡಿದ ಕೈ ಇಳಿಯಿತು.

"ನೀವಾ?" ಅಂದಳು ಅಕ್ಕ.

"ನಿನಗೆ ಸಹಾಯ ಆಗಲಿ ಅಂತ..."

"ಇಷ್ಟು ವರ್ಷ ಬಂದೋರ ಮುಂದೆಲ್ಲ ಹಳ್ಳ ಹಳ್ಳ ಅಂತ ಆಡ್ಕೊಂಡ್ರಿ, ಬಾಯಿ ಮುಚ್ಕೊಂಡಿದ್ದೆ. ಈಗ ಮಣ್ಣು ಹಾಕೋಕೇ ಕರೆಸಿದ್ರಾ?" ಮೊರದಿಂದ ದಡದ ಬಿಲ ತೋರಿಸಿದಳು. "ಒಳಗೆ ಮರಿಗಳಿವೆ ರೀ. ಇದನ್ನ ಮುಚ್ಚಿದ ಮೇಲೆ ಆ ಮನೇಲಿ ನಿಮ್ಮ ಮುಖ ನೋಡ್ಕೊಂಡು ನಾನು ಹೇಗಿರಲಿ?"

ಅವಳು ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನೂ ಎರಡು ಮಾತು ಸೇರಿಸುತ್ತಿದ್ದೆ. ಭಾವನ ಮುಖ ಬಿಳಿಚಿಕೊಂಡಿತು. ಮೇಸ್ತ್ರಿ ಪೇಚಿಗೆ ಸಿಕ್ಕಿದ್ದ. "ನನಗೂ ಬೇಜಾರೇ ಅಮ್ಮ. ಆದ್ರೆ ಹಳ್ಳ ಮುಚ್ಚದೆ ವಾಪಸ್ ಹೋದ್ರೆ ಸಾಹೇಬ್ರು ನನ್ನ ಮುಚ್ಚಿಬಿಡ್ತಾರೆ. ಲೋಡು ಎಲ್ಲಾದ್ರೂ ಸುರೀಲೇಬೇಕು."

"ಇದಲ್ಲ" ಅಂದರು ಭಾವ.

"ಏನು ಇದಲ್ಲ?"

"ಬೀದಿಗೆ ಎರಡು ಕೊನೆ. ನಾನು ಹೇಳಿದ್ದು ಆ ಕೊನೇದು. ಮೇಲೆ. ನಡೀರಿ, ತೋರಿಸ್ತೀನಿ." ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಿವಿ ಎರಡೂ ಕೆಂಪಾಗಿದ್ದವು.

ಮುಂದೆ ಭಾವ, ಹಿಂದೆ ಲಾರಿ, ಅದರ ಹಿಂದೆ ಮೊರ ಹಿಡಿದ ಅಕ್ಕ, ಕತ್ತರಿ ಹಿಡಿದ ನಾನು. ಹಲ್ಲಿನ ಡಾಕ್ಟರು ಬಾಯಿ ತೆರೆದಿದ್ದ ರೋಗಿಯನ್ನು ಹಾಗೇ ಬಿಟ್ಟು ಹೊರಗೆ ಬಂದರು. ಬೀದಿಯಿಡೀ ನಮ್ಮ ಹಿಂದೆ. ಗ್ಯಾರೇಜಿನ ಮುಂದೆ ಮೆರವಣಿಗೆ ನಿಂತಾಗ ಸ್ಪ್ಯಾನರಣ್ಣ ಒಂದು ಕಾರಿನ ಕೆಳಗಿಂದ ಜಾರಿಕೊಂಡು ಹೊರಗೆ ಬಂದ.

"ಹಳ್ಳ ಮುಚ್ಚೋದಾ? ಇಲ್ಲಿ ಹಳ್ಳ ಎಲ್ಲಿದೆ?" ಅಂದ. "ಇದು ಗುಂಡಿ. ನಿಮ್ಮ ಆರ್ಡರಲ್ಲಿ ಏನಿದೆ? ಹಳ್ಳ. ಹಳ್ಳ ಬೇರೆ, ಗುಂಡಿ ಬೇರೆ. ನಾನು ಹೇಳಿದ್ದಲ್ಲ ಸ್ವಾಮಿ, ಈ ಸಾರೇ ಹೇಳಿದ್ದು. ನೋಡಿ ಬೋರ್ಡು, ಅವರೇ ನಿಂತು ತಿದ್ದಿಸಿದ್ದು! ಹೇಳಿ ಸಾರ್, ನೀವು ಅಕ್ಷರ ಬಲ್ಲೋರು. ಇದು ಹಳ್ಳಾನಾ ಗುಂಡೀನಾ?"

ಎಲ್ಲರೂ ಭಾವನನ್ನು ನೋಡಿದರು. ಅವರು ಬೋರ್ಡನ್ನು ನೋಡುತ್ತ ನಿಂತರು. ಆಮೇಲೆ ಸ್ಪ್ಯಾನರಣ್ಣನ ಹೆಗಲ ಮೇಲಿದ್ದ ಸೀಮೆಎಣ್ಣೆ ಬಟ್ಟೆಯನ್ನು ಎರಡೇ ಬೆರಳಿನಲ್ಲಿ ಎಳೆದುಕೊಂಡು, ಬೋರ್ಡಿನ ಬಳಿ ಹೋಗಿ, "ಗುಂಡಿ"ಯನ್ನು ಗಸಗಸ ಉಜ್ಜತೊಡಗಿದರು. ಮೇಲಿನ ಬಣ್ಣ ಕರಗಿ ಸೋರಿತು. ಅಡಿಯಿಂದ ಹಳೆಯ "ಹಳ್ಳ" ಮಬ್ಬುಮಬ್ಬಾಗಿ ಎದ್ದು ಬಂತು.

"ಎರಡೂ ಸರಿ" ಅಂದರು. ಎರಡೂ ಸರಿ! ಈ ಮಾತು ಆ ಬಾಯಿಂದ ಬರುತ್ತದೆ ಅಂತ ನಾನು ಕನಸು ಮನಸಿನಲ್ಲೂ ಎಣಿಸಿರಲಿಲ್ಲ.

ಸ್ಪ್ಯಾನರಣ್ಣ ಬೆವತ. "ಅಲ್ಲ ಸಾರ್, ಇದನ್ನ ಮುಚ್ಚಿದ್ರೆ ನನ್ನ ಗ್ಯಾರೇಜಿನ ನೀರು ಎಲ್ಲಿಗೆ ಹೋಗಬೇಕು? ಈಗಾದ್ರೆ ಇದರಲ್ಲಿ ತುಂಬಿ, ಸೀದಾ ಕೆಳಗಿನ ಹಳ್ಳಕ್ಕೆ..." ಅಂದವನು ನಾಲಿಗೆ ಕಚ್ಚಿಕೊಂಡ.

"ಏನಂದೆ?" ಅಂದಳು ಅಕ್ಕ, ಥೇಟ್ ಕೌಂಟರಿನ ಗಾಜಿನ ಹಿಂದಿನ ದನಿಯಲ್ಲಿ. "ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಮೇಸ್ತ್ರಿಗೆ ಇದ್ಯಾವುದೂ ಬೇಕಿರಲಿಲ್ಲ. "ನಿಮ್ಮ ಪಂಚಾಯಿತಿ ಆಮೇಲೆ ಮಾಡ್ಕೊಳ್ಳಿ. ಜನ ಬಿದ್ದಿದ್ದಾರೆ ಅಂತ ಹೇಳಿದ್ದಾರೆ. ಎಲ್ಲಿ ಬಿದ್ದಿದ್ದಾರೋ ಅದನ್ನ ಮುಚ್ತೀನಿ. ಇಲ್ಲಿ ಯಾರು ಬಿದ್ದಿದ್ದು?"

"ಯಾರೂ ಬಿದ್ದಿಲ್ಲ!" ಅಂದ ಸ್ಪ್ಯಾನರಣ್ಣ. "ಗಾಡಿ ಬಿದ್ದಿರಬಹುದು. ಮನುಷ್ಯರು ಒಬ್ಬರೂ ಬಿದ್ದಿಲ್ಲ."

ಭಾವ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಜೇಬಿನ ಪೆನ್ನನ್ನೂ ಕೊಟ್ಟರು. ಏನು ಮಾಡುತ್ತಿದ್ದಾರೆ ಅಂತ ನನಗೆ ಹೊಳೆದದ್ದು ಅವರು ಹೊಂಡದ ಅಂಚಿಗೆ ಹೋದಾಗ. "ಭಾವಾ, ಬೇಡ! ನಿನ್ನೆ ಹೊಲಿದ ಪ್ಯಾಂಟು!" ಅಂತ ಕಿರುಚಿದೆ. ಅಷ್ಟು ಹೊತ್ತಿಗೆ ಅವರು ಕಾಲು ಮುಂದಿಟ್ಟಾಗಿತ್ತು. ಪಚಕ್ ಅಂತ ಸದ್ದಾಯಿತು. ತಳದಲ್ಲಿ ಜಾರಿದ್ದರಿಂದ ನಿಂತಲ್ಲೇ ಕೂತರು. ಕಪ್ಪು ಎಣ್ಣೆ ನೀರು ಎದೆಯವರೆಗೆ ಹಾರಿತು, ಒಂದಿಷ್ಟು ಮೀಸೆಗೂ ಬಂತು.

"ನಾನು" ಅಂದರು, ಅಲ್ಲಿಂದಲೇ. "ನಾನು ಹಳ್ಳಕ್ಕೆ ಬಿದ್ದೋನು."

ಮೊದಲು ನಕ್ಕವಳು ಅಕ್ಕ. ಆ ಜೋಕಿಗೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತಲೇ ಅಳುತ್ತಿದ್ದಳು, ಮೊರವನ್ನು ಎದೆಗೊತ್ತಿ ಹಿಡಿದು. ಅವಳ ಹಿಂದೆ ಬೀದಿಯೇ ನಕ್ಕಿತು. ಮೇಸ್ತ್ರಿ ಮಾತ್ರ ಗಂಭೀರವಾಗಿ, "ಆಯ್ತು, ಬಿದ್ದಿದ್ದು ಕಣ್ಣಾರೆ ನೋಡಿದ್ದಾಯ್ತು. ಸಾರ್‌ನ ಎತ್ತಿ, ಲೋಡು ಸುರೀರಿ" ಅಂದ. ಸುರಿಯುವಾಗ ಲಾರಿಯ ಹಿಂದಿನ ಗಾಲಿ ಹೊಂಡದ ಅಂಚಿಗೆ ಇಳಿದು ಸ್ಪ್ರಿಂಗ್ ಪಟ್ಟಿ ಮುರಿಯಿತು. ಸ್ಪ್ಯಾನರಣ್ಣನೇ ರಿಪೇರಿ ಮಾಡಿದ. ಆ ಹೊಂಡ ಅವನಿಗೆ ಕೊಟ್ಟ ಕೊನೆಯ ಗಿರಾಕಿ ಅದು.

ಎಣ್ಣೆ ಮೆತ್ತಿದ ಭಾವ ತೊಳೆದುಕೊಳ್ಳಲು ನೇರ ಹಳ್ಳದ ಕಡೆ ಹೊರಟರು. ಅಕ್ಕ ಓಡಿ ಹೋಗಿ ಎರಡೂ ಕೈ ಚಾಚಿ ತಡೆದಳು. "ಆ ಮೈಯಲ್ಲಿ ನನ್ನ ಹಳ್ಳಕ್ಕೆ ಕಾಲಿಟ್ರೆ ನೋಡಿ ಮತ್ತೆ!" ಕೊನೆಗೆ ಹಿತ್ತಲಲ್ಲಿ ಅವರನ್ನು ಟಬ್ಬಿನಲ್ಲಿ ಕೂರಿಸಿ, ಸೋಪು ಹಾಕಿ ತಾನೇ ಉಜ್ಜಿದಳು. ಆ ನೀರನ್ನೂ ಮೋರಿಗೆ ಬಿಡಲಿಲ್ಲ, ಡ್ರಮ್ಮಿಗೆ ತುಂಬಿಸಿದಳು. ಅದೇ ಡ್ರಮ್ಮನ್ನು ಮಾರನೆಯ ದಿನ ಗ್ಯಾರೇಜಿಗೆ ಉರುಳಿಸಿಕೊಂಡು ಹೋಗಿ, "ಇನ್ನು ಎಣ್ಣೆ ಇದಕ್ಕೆ" ಅಂದಳು. ಸ್ಪ್ಯಾನರಣ್ಣ ಗೊಣಗಿದ, ಆದರೆ ಹಾಕಿದ. ತುಂಬಿದಾಗ ಹಳೇ ಎಣ್ಣೆ ಕೊಳ್ಳುವವರು ಬಂದು ಒಯ್ಯುತ್ತಾರೆ. ಬೋರ್ಡಿನಲ್ಲಿ ಈಗ ಹಳ್ಳವೂ ಇಲ್ಲ, ಗುಂಡಿಯೂ ಇಲ್ಲ, "ಬಿದ್ದ ಗಾಡಿಗಳನ್ನು" ಅಂತ ಮಾತ್ರ ಇದೆ. ಭಾವ ಅದರ ತಂಟೆಗೆ ಹೋಗಿಲ್ಲ. ಆ ಪ್ಯಾಂಟನ್ನು ನಾನು ಏನೇನು ಹಾಕಿ ತಿಕ್ಕಿದರೂ ಬಿಳಿಯಾಗಲಿಲ್ಲ, ಕತ್ತರಿಸಿ ಚಡ್ಡಿ ಮಾಡಿಕೊಟ್ಟೆ.

ಆ ಚಡ್ಡಿ ಹಾಕಿಕೊಂಡೇ ಒಂದು ಬೆಳಿಗ್ಗೆ ಅವರು ಅಕ್ಕನ ಹಿಂದೆ ಹಳ್ಳಕ್ಕೆ ಬಂದರು. ಕಿಟಕಿಯಿಂದ ನೋಡಿ ನಾನು ಮಿಷನ್ನು ನಿಲ್ಲಿಸಿದೆ. ದಡದ ಮೇಲೆ ಪೇಪರು ಹಾಸಿ, ಅದರಲ್ಲಿ ತಪ್ಪೇನಾದರೂ ಇದೆಯೇ ಅಂತ ಒಮ್ಮೆ ಕಣ್ಣಾಡಿಸಿ, ಅದರ ಮೇಲೆಯೇ ಕೂತರು. ಎಣ್ಣೆ ಹೋಗಿತ್ತು. ಬಿಲದ ಬಾಯಿಗೆ ಮರಿಯೊಂದು ಬಂದು ಕೂತಿತ್ತು. ಜೊಂಡಿನ ಮೇಲೆ ಕೂತಿದ್ದ ದೊಡ್ಡ ಹಕ್ಕಿ ಇದ್ದಕ್ಕಿದ್ದಂತೆ ತಲೆಕೆಳಗಾಗಿ ನೀರಿಗೆ ಬಿತ್ತು.

"ಅಯ್ಯೋ!" ಅಂದರು ಭಾವ. "ಅದೂ ಹಳ್ಳಕ್ಕೆ ಬಿತ್ತಲ್ಲೇ!"

"ಬಿದ್ದಿದ್ದಲ್ಲ ರೀ. ಬೇಕು ಅಂತಲೇ ಹಾರಿದ್ದು. ಬಾಯಲ್ಲಿ ನೋಡಿ" ಅಂದಳು ಅಕ್ಕ.

ಹಕ್ಕಿ ಮೇಲೆ ಬಂತು. ಕೊಕ್ಕಿನಲ್ಲಿ ಮೀನು ಹೊಳೆಯಿತು. ಅದು ಬಿಲದೊಳಕ್ಕೆ ಹೋಗುವವರೆಗೂ ಭಾವ ಕಣ್ಣು ಕೀಳಲಿಲ್ಲ.

"ಹಾಗಾದ್ರೆ," ಅಂದರು ಕೊನೆಗೆ, ಅಕ್ಕನ ಕಡೆ ತಿರುಗದೆ, "ನಾನು ಇಷ್ಟು ವರ್ಷ ತಪ್ಪು ಹೇಳ್ತಿದ್ದೆ. ನಾನೂ ಬಿದ್ದಿದ್ದಲ್ಲ ಬಿಡು."